ದಿಕ್ಕಿಲ್ಲದ ಮಕ್ಕಳ ವಿಷಯವಾದ ಪಾಠ



ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಈ ಮೂರು ತಾಲ್ಲೂಕುಗಳ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವದು ಕಬ್ಬು, ಭತ್ತ, ಬೆಲ್ಲ, ಎಳನೀರು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಗೆ ಬಂದಂದಿನಿಂದ ಹೊಲಗಳು ಹಸುರಾದವು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಇಂಥ ಸೀಮೆಯಲ್ಲಿ ದಿಕ್ಕಿಲ್ಲದ ಮಕ್ಕಳು ಇದ್ದಾರೋ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ನೀರು ಹರಿದಲ್ಲೆಲ್ಲಾ ಅನ್ನವು ಸಮವಾಗಿ ಹರಿಯುವದಿಲ್ಲ. ಆದಕಾರಣ ಆ ಮಕ್ಕಳು ಯಾರು, ಯಾಕೆ ಆ ಸ್ಥಿತಿಗೆ ಬಂದರು, ಅವರಿಗೆ ಮಾಡತಕ್ಕ ಸಹಾಯ ಯಾವದು, ಸಹಾಯದ ಹೆಸರಿನಲ್ಲಿ ಮಾಡಬಾರದ್ದು ಯಾವದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಈ ಮಕ್ಕಳು ಯಾರು?

ತಾಯಿತಂದೆಗಳಿಬ್ಬರನ್ನೂ ಕಳಕೊಂಡವರು ಮಾತ್ರವೇ ದಿಕ್ಕಿಲ್ಲದವರೆಂದು ಎಣಿಸಬಾರದು. ಅನೇಕರಿಗೆ ತಾಯಿ ಇದ್ದಾಳೆ, ತಂದೆ ಇದ್ದಾನೆ. ಆದರೂ ಅವರ ಕೈ ಬರಿದಾಗಿದೆ.

ಮೊದಲನೆಯವರು, ಕಬ್ಬು ಕಡಿಯುವದಕ್ಕೂ ಆಲೆಮನೆಯ ಕೆಲಸಕ್ಕೂ ದೂರದ ಊರುಗಳಿಂದ ಬರುವ ಕೂಲಿಗಳ ಮಕ್ಕಳು. ಇವರ ಹೆಸರು ಒಂದೂರಿನ ಶಾಲೆಯಲ್ಲಿರುವದು, ಇವರು ಮತ್ತೊಂದೂರಿನ ಗದ್ದೆಯ ಬದಿಯ ಗುಡಿಸಲಲ್ಲಿರುವರು. ಎರಡನೆಯವರು, ಸಾಲದ ಭಾರದಿಂದ ತಂದೆಯು ಪ್ರಾಣ ಕಳಕೊಂಡ ಮನೆಯ ಮಕ್ಕಳು. ೨೦೧೫ರಲ್ಲಿ ಈ ಜಿಲ್ಲೆಯ ಅನೇಕ ರೈತರು ಹೀಗೆ ಸತ್ತರು. ಸಾಲ ಮಾತ್ರ ಸಾಯಲಿಲ್ಲ, ಅದು ಹೆಂಡತಿಯ ತಲೆಯ ಮೇಲೆ ಕೂತಿತು. ಮೂರನೆಯವರು, ನಾಲೆಯ ನೀರು ಮುಟ್ಟದ ಬೆದ್ದಲು ಸೀಮೆಯ ಹೆಣ್ಣು ಮಕ್ಕಳು. ಊರಿನ ಶಾಲೆ ಮುಗಿದ ಮೇಲೆ ಹೈಸ್ಕೂಲು ದೂರ, ದಾರಿಯ ಭಯ ಬೇರೆ. ಹೀಗಿರಲಾಗಿ ಓದು ಬಿಡಿಸಿ ಮದುವೆಯ ಮಾತೆತ್ತುವರು. ನಾಲ್ಕನೆಯವರು, ಅಂಗವಿಕಲರೆಂಬ ಕಾರಣದಿಂದ ಮನೆಯ ಕತ್ತಲೆ ಮೂಲೆಯಲ್ಲಿ ಬೆಳೆಯುವ ಮಕ್ಕಳು.

ಇನ್ನೂ ಒಂದು ಗುಂಪುಂಟು; ಅವರಿಗೆ ಹುಟ್ಟುವದಕ್ಕೂ ಅಪ್ಪಣೆಯಾಗಲಿಲ್ಲ. ೨೦೨೩ರ ಕಡೇ ತಿಂಗಳುಗಳಲ್ಲಿ, ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು, ಗರ್ಭದಲ್ಲಿರುವದು ಹೆಣ್ಣೋ ಗಂಡೋ ಎಂದು ಹಣಕ್ಕೆ ಹೇಳುತ್ತಿದ್ದ ಸಂಗತಿಯು ಬೆಳಕಿಗೆ ಬಂತು. ೧೯೯೪ರ ಕಾನೂನು ಇದನ್ನು ನಿಷೇಧಿಸಿದ್ದರೂ ಇದು ನಡೆಯಿತು. ಆ ಹಣವನ್ನು ತಂದು ಕೊಟ್ಟವರು ಅನ್ನವಿಲ್ಲದವರಲ್ಲ. ಆದಕಾರಣ ಮಕ್ಕಳ ದುರ್ಗತಿಗೆ ಬಡತನವೊಂದೇ ಕಾರಣವೆಂದು ಹೇಳಿ ನಾವು ತಪ್ಪಿಸಿಕೊಳ್ಳಲಾರೆವು.

೨. ಮುಂಗಡ ಹಣದ ಉರುಲು

ಮಗುವು ಶಾಲೆಯಿಂದ ಕೆಲಸಕ್ಕೆ ಹೋಗುವ ದಾರಿಯು ಹೆಚ್ಚಾಗಿ ಒಂದೇ ವಿಧವಾಗಿರುವದು. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಸಾವೋ ಬರುತ್ತದೆ. ಒಬ್ಬ ಧಣಿಯು ಮುಂಗಡ ಕೊಡುತ್ತಾನೆ. ತೀರಿಸಲು ಕೈಲಾಗದ ತಂದೆಯು, ದನ ಕಾಯಲಿಕ್ಕೋ ನೂಲು ಬಿಚ್ಚಲಿಕ್ಕೋ ಮಗುವನ್ನು ಕಳುಹಿಸುತ್ತಾನೆ. ಮಗುವಿನ ಕೂಲಿಯು ಬಡ್ಡಿಗೆ ಸಾಲದು. ಅಸಲು ಹಾಗೆಯೇ ನಿಲ್ಲುವದು. ಮದ್ದೂರಿಗೆ ದೂರವಲ್ಲದ ರಾಮನಗರದ ಮತ್ತು ಮಾಗಡಿಯ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳಲ್ಲಿ ಹೀಗೆ ಮುಂಗಡಕ್ಕೆ ಸಿಕ್ಕಿದ ಮಕ್ಕಳು ಕುದಿಯುವ ನೀರಿನಲ್ಲಿ ಕೈಯದ್ದಿ ಗೂಡು ಬಿಡಿಸುತ್ತಿದ್ದದ್ದು ೨೦೦೩ರಲ್ಲಿ ಲೋಕಕ್ಕೆಲ್ಲಾ ತಿಳಿದುಬಂತು.

ಇಲ್ಲಿ ಒಂದು ಮಾತನ್ನು ಪ್ರತಿಯೊಬ್ಬನೂ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ೧೯೭೬ರ ಜೀತ ನಿರ್ಮೂಲನ ಕಾನೂನಿನ ಪ್ರಕಾರ, ಜೀತಕ್ಕೆ ಕಾರಣವಾದ ಸಾಲವೇ ರದ್ದಾಗಿದೆ. ಅದನ್ನು ತೀರಿಸಬೇಕೆಂದು ಕೇಳುವ ಹಕ್ಕು ಯಾವ ಧಣಿಗೂ ಇಲ್ಲ. ಇದನ್ನರಿಯದ ತಂದೆಯು ಇಲ್ಲದ ಸಾಲಕ್ಕಾಗಿ ಇರುವ ಮಗುವನ್ನು ಕೊಡುತ್ತಾನೆ.

೩. ಹಿಂದಿನವರು ಮಾಡಿದ್ದು

೧೮೭೬ರಿಂದ ೧೮೭೮ರ ವರೆಗೆ ಬಿದ್ದ ಮಹಾ ಕ್ಷಾಮವು ಮೈಸೂರು ಸೀಮೆಯನ್ನು ನುಂಗಿಬಿಟ್ಟಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಜನರು, ೧೮೮೧ರಲ್ಲಿ ನಾಲ್ವತ್ತೆರಡು ಲಕ್ಷಕ್ಕೆ ಇಳಿದಿದ್ದರು. ಆ ಕಾಲದಲ್ಲಿ ದಾರಿಯ ಮಗ್ಗುಲಲ್ಲಿ ಸಿಕ್ಕಿದ ಕೂಸುಗಳನ್ನು ಮಿಶನ್ನಿನವರು ಎತ್ತಿ ತಂದು ಅನಾಥಾಲಯಗಳಲ್ಲಿ ಸಾಕಿದರು. ಮನೆಯೇ ಅಳಿದುಹೋದ ಮಗುವಿಗೆ ಬೇರೆ ಮನೆಯನ್ನು ಕಟ್ಟಿಕೊಡುವದು ಯುಕ್ತವಾಗಿತ್ತು.

ಆದರೆ ಮನೆಯಿರುವ ಮಗುವಿಗೂ ಅದೇ ಮದ್ದನ್ನು ಕೊಟ್ಟರೆ ಏನಾಗುವದೆಂಬದಕ್ಕೆ ಇಂಗ್ಲೆಂಡಿನ ಉದಾಹರಣೆಯುಂಟು. ೧೮೬೯ರಿಂದ ಮೊದಲ್ಗೊಂಡು ಅಲ್ಲಿಯ ಧರ್ಮಸಂಸ್ಥೆಗಳವರು, ಒಳ್ಳೇ ಉದ್ದೇಶದಿಂದಲೇ, ಒಂದು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಬಡ ಮಕ್ಕಳನ್ನು ಹಡಗು ಹತ್ತಿಸಿ ಕೆನಡಾ ದೇಶಕ್ಕೆ ಕಳುಹಿಸಿದರು. ತರುವಾಯ ಆಸ್ಟ್ರೇಲಿಯಕ್ಕೂ ಕಳುಹಿಸಿದರು. ಅವರಲ್ಲಿ ಅನೇಕರಿಗೆ ತಾಯಿಯಾಗಲಿ ತಂದೆಯಾಗಲಿ ಜೀವದಿಂದಿದ್ದರು. ಹಲವರು ಅಲ್ಲಿ ಕೇವಲ ಆಳುಗಳಾಗಿ ದುಡಿದರು. ೨೦೧೦ರಲ್ಲಿ ಆ ದೇಶದ ಪ್ರಧಾನಮಂತ್ರಿಯು ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದನು. ಹೀಗಿರುವದರಿಂದ, ಕರುಣೆಯೊಂದೇ ಸಾಲದು; ಕರುಣೆಗೆ ವಿವೇಕವೂ ಬೇಕು. ತಾಯಿಯ ಬಡತನವನ್ನು ನೀಗಿಸುವ ಬದಲು ತಾಯಿಯಿಂದಲೇ ಮಗುವನ್ನು ನೀಗಿಸುವದು ಸಹಾಯವಲ್ಲ.

೪. ಈಗ ಸಹಾಯ ಮಾಡುವವರು

ನಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ೧೯೬೦ರಲ್ಲಿ ಸುರೇಂದ್ರ ಕೌಲಗಿಯವರು ಜನಪದ ಸೇವಾ ಟ್ರಸ್ಟನ್ನು ಸ್ಥಾಪಿಸಿದರು. ಅವರು ಜಯಪ್ರಕಾಶ ನಾರಾಯಣರ ಬಳಿ ಕೆಲಸ ಮಾಡಿದ್ದವರು. ಆ ಸಂಸ್ಥೆಯು ಮಕ್ಕಳ ಸೇವೆಯೊಂದಿಗೆ ಕೈಮಗ್ಗದ ಖಾದಿಯ ಕೆಲಸವನ್ನೂ ನಡಿಸಿತು. ಇದರ ಮರ್ಮವನ್ನು ನೋಡಿರಿ: ತಾಯಿಯ ಕೈಗೆ ಊರಿನಲ್ಲೇ ಕೆಲಸ ಸಿಕ್ಕಿದರೆ, ಮಗುವು ಊರು ಬಿಡಬೇಕಾಗಿಲ್ಲ. ಮೈಸೂರಿನ ಒಡನಾಡಿ ಸಂಸ್ಥೆಯು, ಮಾರಾಟಕ್ಕೂ ದುರಾಚಾರಕ್ಕೂ ಸಿಕ್ಕಿದ ಹೆಣ್ಣು ಮಕ್ಕಳನ್ನು ಬಿಡಿಸಿ ಆಶ್ರಯ ಕೊಡುತ್ತದೆ. ಹೆಗ್ಗಡದೇವನಕೋಟೆಯ ಕಾಡಿನ ಅಂಚಿನಲ್ಲಿ ೧೯೮೪ರಲ್ಲಿ ತರುಣ ವೈದ್ಯರು ಆರಂಭಿಸಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು, ಗಿರಿಜನರ ಮಕ್ಕಳಿಗೆ ಅವರ ಹಾಡಿಗಳ ಬಳಿಯಲ್ಲೇ ಶಾಲೆಯನ್ನು ಕಟ್ಟಿತು.

ಸರಕಾರದ ಕಡೆಯಿಂದಲೂ ಸಹಾಯವುಂಟು. ವಿಧವೆಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ಕಠಿಣ ರೋಗ ಹಿಡಿದ ತಾಯಿತಂದೆಗಳ ಮಕ್ಕಳು ಇಂಥವರು ಮನೆಯಲ್ಲಿದ್ದುಕೊಂಡೇ ಓದುವಂತೆ, ಮಿಶನ್ ವಾತ್ಸಲ್ಯ ಎಂಬ ಯೋಜನೆಯಲ್ಲಿ ತಿಂಗಳಿಗೆ ೪,೦೦೦ ರೂಪಾಯಿ ಗೊತ್ತುಮಾಡಿದ್ದಾರೆ. ಹಳ್ಳಿಯ ಕುಟುಂಬದ ವರ್ಷದ ಆದಾಯವು ೭೨,೦೦೦ ರೂಪಾಯಿಗೆ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಓದುಬರಹ ಬಾರದ ತಾಯಿಗೆ ಈ ಅರ್ಜಿಯನ್ನು ಬರೆದುಕೊಡುವದೂ ದೊಡ್ಡ ದಾನವೇ.

೫. ಮಗುವನ್ನು ಒಪ್ಪಿಸುವ ಮೊದಲು

ಒಬ್ಬನು ಊರಿಗೆ ಬಂದು, ನಿಮ್ಮ ಮಗುವನ್ನು ಪಟ್ಟಣದ ಆಶ್ರಮಕ್ಕೆ ಕಳುಹಿಸಿರಿ, ಅನ್ನ, ಬಟ್ಟೆ, ವಿದ್ಯೆ ಎಲ್ಲಾ ಧರ್ಮಾರ್ಥ ಎಂದು ಹೇಳಬಹುದು. ಅವನು ಯಾವ ಮತದವನಾದರೂ, ಎಷ್ಟು ಸವಿಯಾಗಿ ಮಾತಾಡಿದರೂ, ಈ ನಾಲ್ಕನ್ನು ಕೇಳಿರಿ. ಆ ಆಶ್ರಮವು ೨೦೧೫ರ ಬಾಲನ್ಯಾಯ ಕಾನೂನಿನ ಪ್ರಕಾರ ನೋಂದಾಯಿತವಾಗಿದೆಯೇ? ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಈ ಮಗುವಿನ ವಿಷಯ ತಿಳಿದಿದೆಯೇ? ತಾಯಿಯು ಬೇಕಾದಾಗ ಹೋಗಿ ಮಗುವನ್ನು ನೋಡಬಹುದೇ, ಬೇಕಾದರೆ ಕರಕೊಂಡು ಬರಬಹುದೇ? ಅದೇ ಹಣದಿಂದ ಮಗುವನ್ನು ಮನೆಯಲ್ಲಿಟ್ಟು ಓದಿಸಲು ಇವರು ಯಾಕೆ ಒಪ್ಪುವದಿಲ್ಲ? ನೆಟ್ಟಗೆ ಉತ್ತರ ಕೊಡದವನ ಕೈಗೆ ಮಗುವನ್ನು ಕೊಡಬೇಡಿರಿ. ಮಗುವಿನ ಭಾವಚಿತ್ರವನ್ನೂ ದುಃಖದ ಕಥೆಯನ್ನೂ ಊರೂರಿಗೆ ತೋರಿಸಿ ಹಣವೆತ್ತುವವನ ವಿಷಯದಲ್ಲಿಯೂ ಜಾಗ್ರತೆಯಾಗಿರಿ; ಬಡ ಮಗುವಿಗೂ ಮಾನವುಂಟು.

೬. ಹಳ್ಳಿಯವರು ಮಾಡತಕ್ಕದ್ದು

ದುಡ್ಡಿಲ್ಲದವರೂ ಮಾಡಬಹುದಾದ ಕೆಲಸಗಳಿವೆ. ಗದ್ದೆಯ ಬದಿಯ ಗುಡಿಸಲಲ್ಲಿ ಆರರಿಂದ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಂಡರೆ ಹತ್ತಿರದ ಶಾಲೆಗೆ ಕರಕೊಂಡು ಹೋಗಿರಿ. ೨೦೦೯ರ ಕಡ್ಡಾಯ ಶಿಕ್ಷಣದ ಕಾನೂನಿನಂತೆ, ವರ್ಗಾವಣೆ ಪತ್ರವಿಲ್ಲವೆಂದಾಗಲಿ, ಹುಟ್ಟಿದ ದಿನದ ದಾಖಲೆಯಿಲ್ಲವೆಂದಾಗಲಿ, ವರ್ಷದ ನಡುವೆ ಬಂದಿತೆಂದಾಗಲಿ ಆ ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ದೂರದ ಹೈಸ್ಕೂಲಿಗೆ ಹೋಗುವ ಹೆಣ್ಣು ಮಕ್ಕಳನ್ನು ಒಟ್ಟುಗೂಡಿಸಿ, ಒಬ್ಬೊಬ್ಬ ದಿನ ಒಬ್ಬೊಬ್ಬ ಹಿರಿಯರು ಜೊತೆಗೆ ನಡೆದರೆ ದಾರಿಯ ಭಯ ಕಡಿಮೆಯಾಗುವದು. ಹದಿನೆಂಟು ತುಂಬದ ಹುಡುಗಿಯ ಮದುವೆಗೆ ಉಣ್ಣಲು ಹೋಗಬೇಡಿರಿ. ಪಂಚಾಯತಿಯವರು ಕರೆಯುವ ಮಕ್ಕಳ ಗ್ರಾಮಸಭೆಗೆ ನಿಮ್ಮ ಮಕ್ಕಳನ್ನು ಕಳುಹಿಸಿರಿ. ಅವರು ಬಾಯಿ ತೆರೆಯಲಿ, ನೀವು ಕಿವಿಗೊಡಿರಿ. ಅಪಾಯದಲ್ಲಿರುವ ಮಗುವನ್ನು ಕಂಡರೆ ೧೦೯೮ ಎಂಬ ಸಂಖ್ಯೆಗೆ ಫೋನು ಮಾಡಿರಿ. ಅದಕ್ಕೆ ಕಾಸು ಬೇಕಾಗಿಲ್ಲ.

ಈ ಕೆಲಸಗಳಲ್ಲಿ ಒಂದಾದರೂ ದೊಡ್ಡವರು ಬಂದು ಮಾಡಲಿ ಎಂದು ಕಾಯತಕ್ಕದ್ದಲ್ಲ. ನೆರೆಮನೆಯ ಮಗುವು ಇಂದು ಶಾಲೆಗೆ ಹೋಯಿತೋ ಇಲ್ಲವೋ ಎಂಬದು ಬೆಂಗಳೂರಿನವರಿಗೆ ತಿಳಿಯದು, ನಮಗೆ ತಿಳಿದದೆ. ತಿಳಿದವನ ಮೇಲೆಯೇ ಹೊಣೆ.

ಮನೆಯವರೊಡನೆ ಕೂತು ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು ಮಂದಿ? ಅವರ ಹೆಸರುಗಳನ್ನು ಹೇಳಬಲ್ಲೆವೋ?
೨. ಅವರಲ್ಲಿ ಮುಂಗಡದ ಸಾಲಕ್ಕಾಗಿ ದುಡಿಯುವವರು ಇದ್ದಾರೋ?
೩. ತಿಂಗಳ ಸಹಾಯಕ್ಕೆ ತಕ್ಕ ವಿಧವೆಯು ಯಾರು? ಅವಳ ಅರ್ಜಿಯನ್ನು ಬರೆದುಕೊಡುವವರು ಯಾರು?
೪. ನಮ್ಮ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದಾಗ ನಾವು ಆಡಿದ ಮೊದಲನೆಯ ಮಾತು ಯಾವದಾಗಿತ್ತು?