ಹಳೆಯ ಗಣಕಯಂತ್ರ, ಹೊಸ ಕ್ಯಾಮೆರಾ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಮಂಡಿ, ಗಿರಣಿ, ಅಂಗಡಿಗಳಲ್ಲಿ ಗಣಕಯಂತ್ರವು ಇಂದು ತಕ್ಕಡಿಯಷ್ಟೇ ಸಹಜವಾದ ಸಲಕರಣೆ. 2014ರಿಂದ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ವಿದ್ಯುನ್ಮಾನ ಟೆಂಡರ್ ಪದ್ಧತಿ ಬಂದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಾಯಿತು. ಈ ಎರಡು ಬೆಳವಣಿಗೆಗಳು ಗಣಕಯಂತ್ರವನ್ನು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ತಂದು ಕೂರಿಸಿದವು. ಆ ಕಾಲದಲ್ಲಿ ಅಥವಾ ಅದಕ್ಕೂ ಮುನ್ನ ಕೊಂಡ ಯಂತ್ರಗಳು ವಿಂಡೋಸ್ 7 ಇಲ್ಲವೇ ವಿಂಡೋಸ್ ಎಕ್ಸ್‌ಪಿಯೊಂದಿಗೆ ಇಂದಿಗೂ ದುಡಿಯುತ್ತಿರುವುದು ಅಪರೂಪವೇನಲ್ಲ. ಹಳೆಯ ಲೆಕ್ಕಪತ್ರದ ತಂತ್ರಾಂಶ, ಸೀರಿಯಲ್ ಕೇಬಲಿನ ತೂಕದ ಯಂತ್ರ, ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಇವೆಲ್ಲ ಅದಕ್ಕೇ ಹೊಂದಿಕೊಂಡಿರುವಾಗ ಅದನ್ನು ತೆಗೆದುಹಾಕಲು ಮಾಲೀಕನ ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ತೊಡಕು ಆರಂಭವಾಗುವುದು ಅದೇ ಯಂತ್ರಕ್ಕೆ ಹೊಸ ವೆಬ್ ಕ್ಯಾಮೆರಾ, ಹೊಸ ಹೆಡ್‌ಫೋನ್, ಕಣ್ಗಾವಲು ಕ್ಯಾಮೆರಾದ ದೃಶ್ಯ ಅಥವಾ ಖರೀದಿದಾರ ಮೊಬೈಲಿನಿಂದ ಕಳುಹಿಸಿದ ವೀಡಿಯೊ ಬಂದು ಸೇರಿದಾಗ. ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಉಪಕರಣದ ದೀಪ ಉರಿಯುತ್ತದೆ, ಯಂತ್ರ ಅದನ್ನು ಗುರುತಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ಯಂತ್ರವನ್ನು ಹೊಸಪೇಟೆಗೋ ದಾವಣಗೆರೆಗೋ ಹೊತ್ತೊಯ್ಯುವ ಮುನ್ನ ಮಾಲೀಕರೇ ಪರಿಶೀಲಿಸಬಹುದಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ. ಇಡೀ ಲೇಖನದ ಸಾರ ಒಂದೇ: ಹಳೆಯ ವ್ಯವಸ್ಥೆಯೊಳಗೆ ಹೊಸದನ್ನು ಬಲವಂತವಾಗಿ ತುರುಕುವುದಕ್ಕಿಂತ, ಹೊಸ ಉಪಕರಣವನ್ನು ಹಳೆಯದಕ್ಕೆ ಅರ್ಥವಾಗುವ ಭಾಷೆಯಲ್ಲಿ ಮಾತನಾಡಿಸುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಮೊದಲು ದೋಷದ ಸ್ಥಳವನ್ನು ಗುರುತಿಸಿರಿ

ಬಹುಮಾಧ್ಯಮ ಉಪಕರಣವೊಂದು ಕೆಲಸ ಮಾಡಲು ಎರಡು ಕೊಂಡಿಗಳು ಸರಿಯಿರಬೇಕು. ಮೊದಲನೆಯದು ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ಇದು ಉಪಕರಣಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವಿನ ದುಭಾಷಿ. ಎರಡನೆಯದು ಕೋಡೆಕ್. ಇದು ಒತ್ತಿ ಕಿರಿದುಗೊಳಿಸಿದ ಧ್ವನಿ ಮತ್ತು ಚಿತ್ರವನ್ನು ಮತ್ತೆ ಬಿಡಿಸುವ ತಂತ್ರಾಂಶ. ಉಪಕರಣವೇ ಕಾಣಿಸದಿದ್ದರೆ ದೋಷ ಡ್ರೈವರಿನದು. ಉಪಕರಣ ಕಂಡರೂ ಕಡತ ತೆರೆಯದಿದ್ದರೆ, ಅಥವಾ ಧ್ವನಿ ಮಾತ್ರ ಬಂದರೆ, ದೋಷ ಬಹುತೇಕ ಕೋಡೆಕ್‌ನದು. ಚಿತ್ರ ಬಂದು ತಡೆತಡೆದು ಓಡಿದರೆ ಯಂತ್ರದ ಶಕ್ತಿ ಸಾಲದೆಂದು ತಿಳಿಯಬೇಕು. ಈ ಮೂರನ್ನು ಬೇರ್ಪಡಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಕ್ಯಾಮೆರಾ ಮತ್ತು ಧ್ವನಿ ಉಪಕರಣಗಳು

ಯುಎಸ್‌ಬಿ ಕ್ಯಾಮೆರಾಗಳಿಗೆ ‘ಯುಎಸ್‌ಬಿ ವೀಡಿಯೊ ಕ್ಲಾಸ್’ ಅಥವಾ ಯುವಿಸಿ ಎಂಬ ಸಾಮಾನ್ಯ ಮಾನದಂಡವಿದೆ. ಇದರ ಡ್ರೈವರ್ 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಿಂದಲೇ ವಿಂಡೋಸ್‌ನೊಳಗೆ ಅಡಕವಾಗಿದೆ. ಆದುದರಿಂದ ಕ್ಯಾಮೆರಾ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಯುವಿಸಿ ಎಂದಿದೆಯೇ ಎಂದು ನೋಡುವುದು, ಇಲ್ಲವಾದರೆ ಅಂಗಡಿಯವರನ್ನು ಕೇಳುವುದು ಒಳಿತು. ಅಂತಹ ಕ್ಯಾಮೆರಾಗೆ ಪ್ರತ್ಯೇಕ ಡಿಸ್ಕ್ ಬೇಕಾಗುವುದಿಲ್ಲ.

ಧ್ವನಿಯ ವಿಷಯದಲ್ಲಿಯೂ ಹೀಗೆಯೇ. ‘ಯುಎಸ್‌ಬಿ ಆಡಿಯೊ’ ಮಾನದಂಡದ ಮೊದಲ ಆವೃತ್ತಿಯನ್ನು ಎಕ್ಸ್‌ಪಿ ಮತ್ತು ವಿಂಡೋಸ್ 7 ಎರಡೂ ಅರಿಯಬಲ್ಲವು. ಎರಡನೆಯ ಆವೃತ್ತಿಗೆ ವಿಂಡೋಸ್ ತಾನೇ ಡ್ರೈವರ್ ಒದಗಿಸಿದ್ದು 2017ರಲ್ಲಿ, ಅದೂ ವಿಂಡೋಸ್ 10ರಲ್ಲಿ ಮಾತ್ರ. ಮಾತುಕತೆಗೆ ಬಳಸುವ ಸಾಧಾರಣ ಹೆಡ್‌ಸೆಟ್‌ಗೆ ಮೊದಲ ಆವೃತ್ತಿಯೇ ಸಾಕು. ದುಬಾರಿ ಉಪಕರಣದಿಂದ ಹಳೆಯ ಯಂತ್ರಕ್ಕೆ ಯಾವ ಲಾಭವೂ ಇಲ್ಲ. ಯಂತ್ರದೊಳಗಿನ ಧ್ವನಿ ಘಟಕ ಕೆಟ್ಟಿದ್ದರೂ ಮದರ್‌ಬೋರ್ಡ್ ಬದಲಿಸುವ ಬದಲು ಇಂತಹ ಸಣ್ಣ ಯುಎಸ್‌ಬಿ ಧ್ವನಿ ಉಪಕರಣವನ್ನು ಸಿಕ್ಕಿಸಿ ಕೆಲಸ ಸಾಗಿಸಬಹುದು.

ಉಪಕರಣ ಕಾಣಿಸದಿದ್ದಾಗ ಇನ್ನೆರಡು ಪರೀಕ್ಷೆಗಳನ್ನು ಮಾಡಬೇಕು. ವಿಂಡೋಸ್ 7ಕ್ಕೆ ಯುಎಸ್‌ಬಿ 3.0 ಕಿಂಡಿಯ ಸ್ವಂತ ಡ್ರೈವರ್ ಇಲ್ಲ. ಆದುದರಿಂದ ನೀಲಿ ಬಣ್ಣದ ಕಿಂಡಿಯಿಂದ ತೆಗೆದು ಕಪ್ಪು ಬಣ್ಣದ ಹಳೆಯ ಕಿಂಡಿಗೆ ಸಿಕ್ಕಿಸಿ ನೋಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಕೋಡ್ 52’ ಎಂಬ ಸೂಚನೆ ಕಂಡರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವ್ಯವಸ್ಥೆ ಒಪ್ಪುತ್ತಿಲ್ಲವೆಂದು ಅರ್ಥ. ಹೊಸ ಡ್ರೈವರುಗಳ ಸಹಿ ಎಸ್‌ಎಚ್‌ಎ-2 ವಿಧಾನದ್ದು. ನವೀಕರಣಗೊಳ್ಳದ ವಿಂಡೋಸ್ 7 ಅದನ್ನು ಓದಲಾರದು. ಮೈಕ್ರೋಸಾಫ್ಟ್ 2019ರಲ್ಲಿ ಇದಕ್ಕೆಂದು ನವೀಕರಣ ನೀಡಿತ್ತು. ಅದನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಪಡೆದು ಅಳವಡಿಸಬೇಕು. ಸಹಿ ಪರಿಶೀಲನೆಯನ್ನೇ ಶಾಶ್ವತವಾಗಿ ಸ್ಥಗಿತಗೊಳಿಸುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು. ಅದು ಕದ ತೆರೆಯುವುದಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ.

ಚೀಲ ಮತ್ತು ಕಾಳು

ವೀಡಿಯೊ ಕಡತದ ಹೆಸರಿನ ಕೊನೆಯಲ್ಲಿರುವ ‘ಎಂಪಿ4’ ಎಂಬುದು ಚೀಲದ ಮೇಲಿನ ಮುದ್ರೆ ಮಾತ್ರ. ಒಳಗಿರುವ ಕಾಳು ಯಾವುದೆಂದು ಅದು ಹೇಳುವುದಿಲ್ಲ. ಒಂದೇ ಬಗೆಯ ಚೀಲದಲ್ಲಿ ಎಚ್.264 ಇರಬಹುದು, ಎಚ್.265 ಇರಬಹುದು. ಎಚ್.264 ಮಾನದಂಡ 2003ರದು, ಎಚ್.265 ಬಂದುದು 2013ರಲ್ಲಿ. ಎರಡನೆಯದು ಅಷ್ಟೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧದಷ್ಟು ಜಾಗದಲ್ಲಿ ಹಿಡಿಸುತ್ತದೆ, ಆದರೆ ಬಿಡಿಸಲು ಹೆಚ್ಚಿನ ಶಕ್ತಿ ಬೇಡುತ್ತದೆ. ಎಕ್ಸ್‌ಪಿಯಲ್ಲಿ ಈ ಎರಡನ್ನೂ ಬಿಡಿಸುವ ಸ್ವಂತ ಸಾಧನವಿಲ್ಲ. ವಿಂಡೋಸ್ 7 ಎಚ್.264ನ್ನು ಬಲ್ಲದು, ಎಚ್.265ನ್ನು ಅರಿಯದು. ನಿನ್ನೆಯ ವೀಡಿಯೊ ತೆರೆದುಕೊಂಡು, ಅದೇ ಹೆಸರಿನ ಇಂದಿನ ವೀಡಿಯೊ ತೆರೆಯದಿರಲು ಕಾರಣ ಇದೇ.

ಇದಕ್ಕೆ ಪರಿಹಾರ ಎರಡು ಬಗೆಯದು. ಮೊದಲನೆಯದು, ಕಳುಹಿಸುವ ಕಡೆಯಲ್ಲಿಯೇ ಸರಿಪಡಿಸುವುದು. ಐಫೋನ್‌ಗಳಲ್ಲಿ 2017ರ ಐಒಎಸ್ 11ರ ನಂತರ ಎಚ್.265 ಬಳಕೆಗೆ ಬಂದಿದೆ. ಕ್ಯಾಮೆರಾ ಸೆಟ್ಟಿಂಗ್‌ನ ‘ಫಾರ್ಮ್ಯಾಟ್ಸ್’ ವಿಭಾಗದಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಎಚ್.264ರಲ್ಲಿ ಚಿತ್ರೀಕರಣವಾಗುತ್ತದೆ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿಯೂ ಇಂತಹ ಆಯ್ಕೆಯಿದೆ. ಹಡಗಲಿಯ ಮಲ್ಲಿಗೆಯನ್ನಾಗಲಿ ಕೊಟ್ಟೂರಿನ ಮೆಕ್ಕೆಜೋಳವನ್ನಾಗಲಿ ದೂರದ ಊರಿನ ಖರೀದಿದಾರನಿಗೆ ವೀಡಿಯೊ ಮೂಲಕ ತೋರಿಸುವವರು ಈ ಆಯ್ಕೆಯನ್ನು ಮಾಡಿಟ್ಟುಕೊಂಡರೆ ಆತನ ಯಂತ್ರ ಹಳೆಯದಾಗಿದ್ದರೂ ಸರಕು ಕಣ್ಣಿಗೆ ಬೀಳುತ್ತದೆ.

ಎರಡನೆಯದು, ಕೋಡೆಕ್‌ಗಳನ್ನು ತನ್ನೊಳಗೇ ಹೊಂದಿರುವ ಪ್ಲೇಯರ್ ಬಳಸುವುದು. ಉಚಿತವಾಗಿ ದೊರೆಯುವ ವಿಎಲ್‌ಸಿ ಪ್ಲೇಯರ್‌ನ 3.0 ಸರಣಿಯು ಮೂರನೆಯ ಸರ್ವಿಸ್ ಪ್ಯಾಕ್ ಇರುವ ಎಕ್ಸ್‌ಪಿಯಲ್ಲಿಯೂ ನಡೆಯುತ್ತದೆ, ಎಚ್.265 ವೀಡಿಯೊವನ್ನೂ ವಾಟ್ಸ್ಆಪ್‌ನ ಧ್ವನಿ ಸಂದೇಶಗಳನ್ನೂ ತೆರೆಯುತ್ತದೆ. ಇದು ವಿಂಡೋಸ್‌ನ ಒಳಭಾಗವನ್ನು ಬದಲಿಸುವುದಿಲ್ಲವೆಂಬುದೇ ಇದರ ದೊಡ್ಡ ಗುಣ. ಆದರೆ ಹಳೆಯ ಪ್ರೊಸೆಸರ್‌ನಲ್ಲಿ ದೊಡ್ಡ ಅಳತೆಯ ಎಚ್.265 ಚಿತ್ರ ತಡೆಯುತ್ತದೆ. ಅದಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ.

ಕಣ್ಗಾವಲು ಕ್ಯಾಮೆರಾ ಮತ್ತು ಸಾಕ್ಷ್ಯ

ವರ್ತಕರಿಗೆ ಅತ್ಯಂತ ಮಹತ್ವದ ಭಾಗವಿದು. ಈಗಿನ ಡಿವಿಆರ್‌ಗಳು ಜಾಗ ಉಳಿಸಲೆಂದು ಎಚ್.265ರಲ್ಲಿ ದಾಖಲಿಸುತ್ತವೆ. ಹಳೆಯ ಗಣಕಯಂತ್ರದಲ್ಲಿ ನೋಡಬೇಕಾಗಿದ್ದರೆ ಡಿವಿಆರ್‌ನ ಸೆಟ್ಟಿಂಗ್‌ನಲ್ಲಿ ಎಚ್.264 ಆರಿಸಬಹುದು. ಆಗ ಅದೇ ಹಾರ್ಡ್ ಡಿಸ್ಕ್‌ನಲ್ಲಿ ಉಳಿಯುವ ದಿನಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮವು ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ 30 ದಿನಗಳ ದಾಖಲೆಯನ್ನು ಉಳಿಸಲು ಹೇಳುತ್ತದೆ. ಎರಡೂ ಅನುಕೂಲ ಬೇಕಾದವರು ಮುಖ್ಯ ದಾಖಲೆಯನ್ನು ಎಚ್.265ರಲ್ಲಿಯೇ ಬಿಟ್ಟು, ‘ಸಬ್ ಸ್ಟ್ರೀಮ್’ ಎಂಬ ಕಿರಿಯ ಚಿತ್ರವನ್ನು ಮಾತ್ರ ಎಚ್.264ಕ್ಕೆ ಬದಲಿಸಿ ಅದನ್ನು ಗಣಕಯಂತ್ರದಲ್ಲಿ ನೋಡಬಹುದು. ಇದಕ್ಕಿಂತ ಸರಳವಾದ ದಾರಿಯೆಂದರೆ ಡಿವಿಆರ್‌ಗೆ ನೇರವಾಗಿ ಒಂದು ಮಾನಿಟರ್ ಅಥವಾ ಟಿವಿ ಜೋಡಿಸುವುದು. ಆಗ ಗಣಕಯಂತ್ರದ ಪ್ರಶ್ನೆಯೇ ಏಳುವುದಿಲ್ಲ.

ಕಳವು ಅಥವಾ ವ್ಯಾಜ್ಯದ ಸಂದರ್ಭದಲ್ಲಿ ದೃಶ್ಯವನ್ನು ಹೊರತೆಗೆಯುವಾಗ ಇನ್ನೂ ಎಚ್ಚರ ಬೇಕು. ಡಿಸ್ಕ್ ತುಂಬಿದಂತೆ ಹಳೆಯ ದಾಖಲೆಯ ಮೇಲೆ ಹೊಸದು ಬರೆಯಲ್ಪಡುವುದರಿಂದ ವಿಳಂಬ ಸಲ್ಲದು. ತಮ್ಮ ಯಂತ್ರದಲ್ಲಿ ತೆರೆಯಲಿಲ್ಲವೆಂದು ಬೇರೆ ರೂಪಕ್ಕೆ ಪರಿವರ್ತಿಸಿ ಮೂಲವನ್ನು ಅಳಿಸಿಹಾಕುವುದು ದೊಡ್ಡ ನಷ್ಟಕ್ಕೆ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಕಡತದ ‘ಹ್ಯಾಶ್’ ಮೌಲ್ಯವನ್ನು ನಮೂದಿಸಬೇಕು. ಪರಿವರ್ತಿಸಿದ ಕಡತದ ಹ್ಯಾಶ್ ಮೂಲದ ಹ್ಯಾಶ್‌ಗೆ ಹೊಂದುವುದಿಲ್ಲ. ಆದುದರಿಂದ ಮೂಲ ಕಡತವನ್ನೂ ಡಿವಿಆರ್ ಜೊತೆಗೆ ಕೊಡುವ ಪ್ಲೇಯರ್ ತಂತ್ರಾಂಶವನ್ನೂ ಒಟ್ಟಿಗೆ ಕಾಪಾಡಿ, ನೋಡಲು ಮಾತ್ರ ಪ್ರತಿಯನ್ನು ಬಳಸತಕ್ಕದ್ದು.

ಮಾಡಬಾರದ ಕೆಲಸಗಳು

ಅಂತರಜಾಲದಲ್ಲಿ ‘ಕೋಡೆಕ್ ಪ್ಯಾಕ್’, ‘ಕಾಣೆಯಾದ ಡಿಎಲ್‌ಎಲ್’, ‘ಸಾರ್ವತ್ರಿಕ ಡ್ರೈವರ್’ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುವ ತಂತ್ರಾಂಶಗಳು ಹೇರಳ. ಅವುಗಳ ಜೊತೆ ಬೇರೇನು ಬರುತ್ತದೆಂದು ಬಲ್ಲವರಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಆ ಬಳಿಕ ಕಂಡುಬಂದ ಬಿರುಕುಗಳನ್ನು ಹಳೆಯ ಯಂತ್ರಗಳಲ್ಲಿ ಮುಚ್ಚುವವರಿಲ್ಲ.

2017ರ ಮೇ 12ರಂದು ಹರಡಿದ ‘ವನ್ನಾಕ್ರೈ’ ಕುತಂತ್ರಾಂಶವು ಸುಮಾರು 150 ದೇಶಗಳಲ್ಲಿ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ನವೀಕರಣ ವಿಂಡೋಸ್ 7ಕ್ಕೆ ಎರಡು ತಿಂಗಳು ಮೊದಲೇ ಬಂದಿತ್ತು, ಅಳವಡಿಸಿಕೊಳ್ಳದವರು ಬಲಿಯಾದರು. ಒಂದು ಯಂತ್ರಕ್ಕೆ ಹೊಕ್ಕ ಅದು ಅದೇ ಜಾಲದ ಇತರ ಯಂತ್ರಗಳಿಗೆ ಯಾರೂ ಏನನ್ನೂ ಒತ್ತದೆಯೇ ಹರಡಿತು. ಅದಕ್ಕೂ ಹಿಂದಿನ ವರ್ಷ, 2016ರಲ್ಲಿ, ‘ಮಿರಾಯಿ’ ಎಂಬುದು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನೇ ವಶಪಡಿಸಿಕೊಂಡಿತ್ತು. ಲೆಕ್ಕಪತ್ರದ ಹಳೆಯ ಯಂತ್ರವನ್ನೂ ಡಿವಿಆರ್ ಅನ್ನೂ ಒಂದೇ ರೌಟರ್‌ಗೆ ಕಟ್ಟಿ, ಎರಡಕ್ಕೂ ಅಂತರಜಾಲ ಕೊಟ್ಟಿರುವ ಅಂಗಡಿಯು ಈ ಎರಡೂ ಪಾಠಗಳನ್ನು ಕಡೆಗಣಿಸಿದಂತಾಗುತ್ತದೆ. ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಒಂದು ವೀಡಿಯೊ ನೋಡುವ ಆತುರದಲ್ಲಿ ಆರು ವರ್ಷದ ಲೆಕ್ಕವನ್ನು ಪಣಕ್ಕಿಡುವುದು ವ್ಯಾಪಾರವಲ್ಲ.

ಅನುಸರಿಸಬೇಕಾದ ಕ್ರಮ

1. ಯಾವ ಬದಲಾವಣೆಗೂ ಮುನ್ನ ಲೆಕ್ಕಪತ್ರದ ದತ್ತಾಂಶವನ್ನು ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡಿ, ಆ ಡಿಸ್ಕ್ ಅನ್ನು ಯಂತ್ರದಿಂದ ಬಿಡಿಸಿ ಇಡಿರಿ.

2. ವಿಂಡೋಸ್ ಯಾವ ಆವೃತ್ತಿ, ಯಾವ ಸರ್ವಿಸ್ ಪ್ಯಾಕ್, 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗಿರಿ. ಒಂದಕ್ಕೆ ಮಾಡಿದ ಡ್ರೈವರ್ ಇನ್ನೊಂದಕ್ಕೆ ಹೊಂದುವುದಿಲ್ಲ.

3. ಡ್ರೈವರ್ ಬೇಕಾದರೆ ತಯಾರಕರ ತಾಣದಿಂದ ಮಾತ್ರ ಪಡೆಯಿರಿ.

4. ಹಳೆಯ ಯಂತ್ರ ತೂಕಕ್ಕೂ ಮುದ್ರಣಕ್ಕೂ ಮಾತ್ರ ಬೇಕಾಗಿದ್ದರೆ ಅದರ ಅಂತರಜಾಲ ಸಂಪರ್ಕವನ್ನು ಕಡಿಯಿರಿ. ಕ್ರೋಮ್ ಬ್ರೌಸರ್ 2016ರಲ್ಲಿ ಎಕ್ಸ್‌ಪಿಯನ್ನೂ 2023ರಲ್ಲಿ ವಿಂಡೋಸ್ 7ನ್ನೂ ಕೈಬಿಟ್ಟಿರುವುದರಿಂದ ಜಾಲದ ಕೆಲಸಕ್ಕೆ ಅದು ಹೇಗೂ ತಕ್ಕುದಲ್ಲ.

5. ವೀಡಿಯೊ, ಕ್ಯಾಮೆರಾ, ಬ್ಯಾಂಕ್ ಮತ್ತು ತೆರಿಗೆಯ ಕೆಲಸಗಳನ್ನು ಬೆಂಬಲವಿರುವ ಇನ್ನೊಂದು ಯಂತ್ರಕ್ಕೆ ವರ್ಗಾಯಿಸಿರಿ.

6. ಡಿವಿಆರ್‌ನ ಮೂಲ ಗುಪ್ತಪದವನ್ನು ಇಂದೇ ಬದಲಿಸಿರಿ.

ದುರಸ್ತಿಗೆ ಕೊಡುವ ಹಣದ ಜೊತೆಗೆ ಯಂತ್ರ ನಿಂತ ದಿನಗಳ ನಷ್ಟವನ್ನೂ ಕೂಡಿಸಿ ನೋಡಿದರೆ, ಎಲ್ಲಿಯವರೆಗೆ ಹಳೆಯದರ ಜೊತೆ ಸಾಗಬೇಕು, ಎಲ್ಲಿ ಹೊಸದನ್ನು ಕೊಳ್ಳಬೇಕು ಎಂಬುದು ಪ್ರತಿಯೊಬ್ಬ ವರ್ತಕನಿಗೂ ತಾನಾಗಿಯೇ ಸ್ಪಷ್ಟವಾಗುತ್ತದೆ. ತೂಕಕ್ಕೆ ಹಳೆಯ ಯಂತ್ರ, ನೋಟಕ್ಕೆ ಹೊಸ ಯಂತ್ರ ಎಂಬ ವಿಂಗಡಣೆಯು ಸಣ್ಣ ಬಂಡವಾಳದವರಿಗೂ ಎಟುಕುವ ಮಾರ್ಗವಾಗಿದೆ.