ಹಳೆಯ ಗಣಕಯಂತ್ರದಲ್ಲಿ ಹೊಸ ಆಟಗಳನ್ನಾಡುವ ಬಗೆ

ಸಕಲೇಶಪುರ ಆಲೂರು ಸೀಮೆಯ ಅನೇಕ ಮನೆಗಳಲ್ಲಿ ಈಗ ಒಂದು ಹಳೆಯ ಗಣಕಯಂತ್ರವಿರುವುದುಂಟು. ತೋಟದ ಲೆಕ್ಕಪತ್ರಗಳಿಗಾಗಿಯೋ, 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳ ಪಾಠಕ್ಕಾಗಿಯೋ ಅದನ್ನು ಕೊಂಡಿರುತ್ತಾರೆ. ಇಲ್ಲವೆ ಬೆಂಗಳೂರಿನ ಕಚೇರಿಯೊಂದು ವಿಸರ್ಜಿಸಿದ ಪೆಟ್ಟಿಗೆಯನ್ನು ನೆಂಟರು ಯಾರಾದರೂ ತಂದುಕೊಟ್ಟಿರುತ್ತಾರೆ. ಮನೆಯ ಮಗಳು ಅದರಲ್ಲಿ ಈ ಕಾಲದ ಆಟಗಳನ್ನಾಡಲು ಬಯಸುತ್ತಾಳೆ. ಯಂತ್ರವಾದರೋ ಏದುಸಿರು ಬಿಡುತ್ತದೆ. ಚಿತ್ರವು ತಡೆತಡೆದು ಚಲಿಸುತ್ತದೆ. ಹೊಸತನ್ನು ಕೊಳ್ಳಲು ಹಣವಿಲ್ಲ. ತಂದೆಯವರು ಕೊಡಬಲ್ಲದ್ದು ಹತ್ತು ಹದಿನೈದು ಸಾವಿರ ರೂಪಾಯಿ ಮಾತ್ರ. ಆ ಹಣವನ್ನು ಯಾವ ಕ್ರಮದಲ್ಲಿ ವೆಚ್ಚ ಮಾಡತಕ್ಕದ್ದು, ಎಲ್ಲಿ ನಿಲ್ಲಿಸತಕ್ಕದ್ದು ಎಂಬುದೇ ಈ ಪಾಠದ ವಿಷಯವು.

ಆಟವೆಂದೊಡನೆ ಕೆಲವು ಹಿರಿಯರು ಹುಬ್ಬು ಗಂಟಿಕ್ಕುವರು. ಹಣವನ್ನು ಪಣವಾಗಿ ಒಡ್ಡುವ ಅಂತರ್ಜಾಲದ ಆಟಗಳನ್ನು 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಕಾಯಿದೆಯ ಮೂಲಕ ನಿಷೇಧಿಸಿತು. ಅಂಥವುಗಳ ಮಾತು ಇಲ್ಲಿಲ್ಲ. ನಾವು ಹೇಳುವುದು ಕಥೆಯುಳ್ಳ, ಚಿತ್ರವುಳ್ಳ, ಬುದ್ಧಿಗೂ ಕೈಚಳಕಕ್ಕೂ ಕೆಲಸ ಕೊಡುವ ಆಟಗಳನ್ನು ಕುರಿತು. ಅಲ್ಲದೆ, ಆಟಕ್ಕಾಗಿ ಸುಧಾರಿಸಿದ ಯಂತ್ರವು ಪಾಠಕ್ಕೂ ಲೆಕ್ಕಕ್ಕೂ ಮೊದಲಿಗಿಂತ ಚುರುಕಾಗುವುದೆಂಬುದನ್ನು ತಂದೆತಾಯಿಗಳು ನೆನೆಯಬಹುದು.

ಆಟದ ಚಿತ್ರವು ಪರದೆಯ ಮೇಲೆ ಹೇಗೆ ಮೂಡುವುದೆಂಬುದನ್ನು ಮೊದಲು ತಿಳಿಯಬೇಕು. ನಾವು ಕೀಲಿಯನ್ನೊತ್ತಿದಾಗ ಏನಾಗಬೇಕು, ಯಾರು ಎಲ್ಲಿರಬೇಕು ಎಂಬುದನ್ನು ಪ್ರೊಸೆಸರ್ ನಿರ್ಣಯಿಸುತ್ತದೆ. ಆ ನಿರ್ಣಯದಂತೆ ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ಬರೆಯುತ್ತದೆ. ಇವೆರಡಕ್ಕೂ ಬೇಕಾದ ಸಾಮಗ್ರಿಯು ಡಿಸ್ಕಿನಿಂದ ರ‍್ಯಾಮಿಗೆ ಬಂದು ಸಿದ್ಧವಾಗಿರಬೇಕು. ಚಲನೆಯು ಕಣ್ಣಿಗೆ ನಯವಾಗಿ ತೋರಬೇಕಾದರೆ ಸೆಕೆಂಡಿಗೆ 60 ಚಿತ್ರಗಳಿರುವುದು ಒಳ್ಳೆಯದು. ಅಂದರೆ ಒಂದೊಂದು ಚಿತ್ರಕ್ಕೂ ದೊರೆಯುವ ಕಾಲವು ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಪಾಲು ಮಾತ್ರ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸುವವರು, ಪಲ್ಪರ್, ಒಣಗಿಸುವ ಕಣ ಎಂಬ ಮೂರರಲ್ಲಿ ಯಾವುದು ಕಿರಿದೋ ಅದರಷ್ಟೇ ಕೆಲಸ ದಿನಕ್ಕೆ ಸಾಗುವುದೆಂಬುದನ್ನು ತೋಟದವರೆಲ್ಲರೂ ಬಲ್ಲರು. ಕಣದಲ್ಲಿ ಸ್ಥಳವಿಲ್ಲದಿರುವಾಗ ಇನ್ನೂ ಹತ್ತು ಆಳುಗಳನ್ನು ಕರೆಸಿದರೆ ಕೂಲಿ ನಷ್ಟವಲ್ಲದೆ ಬೇರೆ ಫಲವಿಲ್ಲ. ಗಣಕಯಂತ್ರಕ್ಕೂ ಇದೇ ನ್ಯಾಯವು. ಆದಕಾರಣ ಹಣವನ್ನು ತೆಗೆಯುವುದಕ್ಕೆ ಮುಂಚೆ ನಮ್ಮ ಯಂತ್ರದಲ್ಲಿ ಕಿರಿದಾದ ಸ್ಥಳ ಯಾವುದೆಂಬುದನ್ನು ಕಂಡುಹಿಡಿಯಬೇಕು.

ಇದಕ್ಕೆ ಯಾವ ಉಪಕರಣವೂ ಬೇಡ. ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪುಟವು ತೆರೆದುಕೊಂಡು, ಯಾವ ಅಂಗವು ನೂರಕ್ಕೆ ಎಷ್ಟರಮಟ್ಟಿಗೆ ದುಡಿಯುತ್ತಿದೆಯೆಂಬುದನ್ನು ತೋರಿಸುತ್ತದೆ. ಡಿಸ್ಕ್ ಎಡೆಬಿಡದೆ 100ರಲ್ಲಿಯೇ ನಿಂತಿದ್ದರೆ ಮೊದಲ ದೋಷ ಅಲ್ಲಿದೆ. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಅದಕ್ಕೆ ಗಮನ ಕೊಡಬೇಕು. ಇವೆರಡೂ ಸಾವಕಾಶವಾಗಿದ್ದು ಆಟ ಮಾತ್ರ ಕುಂಟುತ್ತಿದ್ದರೆ ಇನ್ನೊಂದು ಪರೀಕ್ಷೆಯುಂಟು. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಬೇಕು. ಹಾಗೆ ಮಾಡಿದರೆ ಒಂದು ಚಿತ್ರದಲ್ಲಿ ಬರೆಯಬೇಕಾದ ಚುಕ್ಕೆಗಳು 20,73,600 ಇದ್ದದ್ದು 9,21,600 ಆಗುತ್ತವೆ. ಆಗ ಆಟವು ಸರಾಗವಾಗಿ ಓಡಿದರೆ ಬಲಹೀನವಾದದ್ದು ಗ್ರಾಫಿಕ್ಸ್ ಕಾರ್ಡು. ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾದರೂ ವೇಗ ಹೆಚ್ಚದಿದ್ದರೆ ಪ್ರೊಸೆಸರನ್ನೇ ಶಂಕಿಸಬೇಕು.

ಖರ್ಚಿಲ್ಲದ ಚಿಕಿತ್ಸೆಯು ಮೊದಲು. ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ನೋಡಿದರೆ ನಮ್ಮ ಕಡೆಯ ಯಂತ್ರಗಳಲ್ಲಿ ಧೂಳಿನೊಡನೆ ಜೇಡನ ಬಲೆ, ಇರುವೆಯ ಗೂಡು, ಕೆಲವೊಮ್ಮೆ ಹಲ್ಲಿಯ ಅಸ್ಥಿಪಂಜರವೂ ಕಾಣಿಸುವುದುಂಟು. ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುವುದರಿಂದ, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಒಣಗಿಹೋದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದರೆ ಎಷ್ಟೋ ವೇಳೆ ಅರ್ಧ ರೋಗ ವಾಸಿಯಾಗುತ್ತದೆ. ಈ ಕೆಲಸವನ್ನು ಹುಡುಗಿಯರೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಹೊಲಿಗೆಯ ಯಂತ್ರವನ್ನು ಬಿಚ್ಚಿ ಎಣ್ಣೆ ಹಾಕಬಲ್ಲವಳಿಗೆ ಇದು ಕಷ್ಟವಲ್ಲ. ತಮ್ಮನನ್ನೋ ಅಂಗಡಿಯವನನ್ನೋ ಕಾಯಬೇಕಾದ ಕಾರಣವೂ ಇಲ್ಲ. ಒಳಗಿನ ಭಾಗಗಳನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಬೇಕು, ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡು ಒರೆಸಬೇಕು, ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಎರಡನೆಯದು ಡಿಸ್ಕ್. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಹಾಕುವುದರಿಂದ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಹೆಚ್ಚುವುದಿಲ್ಲ. ಆದರೆ ಯಂತ್ರವು ಏಳುವುದು, ಆಟವು ತೆರೆಯುವುದು, ನಡುನಡುವೆ ತಟ್ಟನೆ ನಿಲ್ಲುವುದು ಇವೆಲ್ಲದರಲ್ಲಿಯೂ ಕಾಣುವ ವ್ಯತ್ಯಾಸವು ಬಹಳ. ಅನಂತರ ರ‍್ಯಾಮ್. ಈಗಿನ ದೊಡ್ಡ ಆಟಗಳಿಗೆ 8 ಜಿಬಿ ಸಾಲದು, 16 ಜಿಬಿ ಬೇಕು. ಒಂದೇ ಪಟ್ಟಿಗಿಂತ ಸಮನಾದ ಎರಡು ಪಟ್ಟಿಗಳು ಉತ್ತಮ. ಡಿಡಿಆರ್3, ಡಿಡಿಆರ್4 ಎಂಬ ಎರಡು ಜಾತಿಗಳಲ್ಲಿ ಕಚ್ಚಿನ ಸ್ಥಳ ಬೇರೆಬೇರೆಯಾಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಲೋಕದಾದ್ಯಂತ ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತು. ಕಾಫಿ ಮೆಣಸುಗಳ ಬೆಲೆಯಂತೆ ಇದೂ ಏರಿಳಿಯತಕ್ಕದ್ದಾದುದರಿಂದ ಇಲ್ಲಿ ದರಗಳನ್ನು ಬರೆಯುವುದಿಲ್ಲ. ಆದರೂ ಕಚೇರಿಯ ಹಳೆಯ ಯಂತ್ರಗಳಿಂದ ಬಿಚ್ಚಿದ ರ‍್ಯಾಮ್ ಪಟ್ಟಿಗಳನ್ನು ಕೊಳ್ಳಲು ಅಂಜಬೇಕಾಗಿಲ್ಲ. ತಿರುಗುವ ಭಾಗವಿಲ್ಲದ ಅವು ಬೇಗ ಸವೆಯುವುದಿಲ್ಲ.

ಇನ್ನು ಮುಖ್ಯವಾದ ವೆಚ್ಚಕ್ಕೆ ಬರೋಣ. ಕೈಯಲ್ಲಿರುವ ಹಣದ ಅರ್ಧವಾದರೂ ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದು ನ್ಯಾಯ. ಆದರೆ ಕಾರ್ಡನ್ನು ಆರಿಸುವುದು ಕಾರ್ಡಿನ ಅಂಗಡಿಯಲ್ಲಲ್ಲ, ನಮ್ಮ ಪೆಟ್ಟಿಗೆಯೊಳಗೆ. ಮದರ್‌ಬೋರ್ಡಿನ ಕಾರ್ಡು ಕೂರುವ ಸ್ಥಾನವು ಕೊಡಬಲ್ಲ ವಿದ್ಯುತ್ತು 75 ವಾಟ್ ಮಾತ್ರ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ತಂತಿ ಬರಬೇಕು. ಆರು ಮೊಳೆಯ ತಂತಿ ಇನ್ನೂ 75 ವಾಟನ್ನೂ, ಎಂಟು ಮೊಳೆಯದು 150 ವಾಟನ್ನೂ ಕೊಡುತ್ತವೆ. ಕಚೇರಿಯಿಂದ ಬಂದ ಸಣ್ಣ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಅಂಥ ತಂತಿಯೇ ಇರುವುದಿಲ್ಲ. ಅವುಗಳ ಪವರ್ ಸಪ್ಲೈಯ ಆಕಾರವೂ ಜೋಡಣೆಯೂ ಆಯಾ ಕಂಪೆನಿಗೆ ವಿಶಿಷ್ಟವಾಗಿದ್ದು ಅಂಗಡಿಯ ಸಾಮಾನ್ಯ ಸಪ್ಲೈ ಅಲ್ಲಿ ಹಿಡಿಯುವುದಿಲ್ಲ. ಪೆಟ್ಟಿಗೆ ತೆಳ್ಳಗಿದ್ದರೆ ಅರ್ಧ ಎತ್ತರದ ಕಾರ್ಡು ಮಾತ್ರ ಹೊಂದುತ್ತದೆ.

ಇಂಥ ಪೆಟ್ಟಿಗೆಗೆ ತಕ್ಕದ್ದು 2019ರಲ್ಲಿ ಹೊರಟ ಜಿಟಿಎಕ್ಸ್ 1650. ಇದು 75 ವಾಟಿನೊಳಗೆ ನಡೆಯುತ್ತದೆ. ಬೇರೆ ತಂತಿ ಬೇಡದ, ಅರ್ಧ ಎತ್ತರದ ಮಾದರಿಗಳೂ ಇವೆ. ಕೊಳ್ಳುವಾಗ ಅಂಥದನ್ನೇ ಕೇಳಿ ಪಡೆಯಬೇಕು, ಏತಕ್ಕೆಂದರೆ ಅದೇ ಹೆಸರಿನ ಕೆಲವು ಕಾರ್ಡುಗಳಿಗೆ ತಂತಿ ಬೇಕಾಗುತ್ತದೆ. 2022ರ ಆರ್‌ಎಕ್ಸ್ 6400 ಇನ್ನೂ ಕಡಿಮೆ, ಅಂದರೆ 53 ವಾಟಿನಲ್ಲಿ ಕೆಲಸ ಮಾಡುತ್ತದೆಯಾದರೂ ಬೋರ್ಡಿನೊಡನೆ ನಾಲ್ಕೇ ದಾರಿಗಳಲ್ಲಿ ಮಾತನಾಡುವುದರಿಂದ ಹಳೆಯ ಬೋರ್ಡುಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಪೆಟ್ಟಿಗೆ ದೊಡ್ಡದಾಗಿದ್ದು ಹೆಸರಾಂತ ಕಂಪೆನಿಯ 500 ವಾಟ್ ಪವರ್ ಸಪ್ಲೈ ಹಾಕಲು ಸಾಧ್ಯವಿದ್ದರೆ 2017ರ ಆರ್‌ಎಕ್ಸ್ 580ರಂಥ, 185 ವಾಟ್ ಬೇಡುವ ಬಲವಾದ ಕಾರ್ಡನ್ನು ಕೈಬದಲಾದ ಸರಕಿನಲ್ಲಿ ಹುಡುಕಬಹುದು. ಸಪ್ಲೈಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಹೆಸರಿಲ್ಲದ ಸಪ್ಲೈಯ ಮೈಮೇಲೆ ಬರೆದ ವಾಟುಗಳನ್ನು ನಂಬಲಾಗದು. ಅದು ಸುಟ್ಟರೆ ತಾನೊಂದೇ ಸುಡದೆ ಕಾರ್ಡು, ಬೋರ್ಡು, ಡಿಸ್ಕುಗಳನ್ನೂ ತನ್ನೊಡನೆ ಒಯ್ಯಬಹುದು.

ಕೈಬದಲಾದ ಕಾರ್ಡಿನಲ್ಲಿ ಎರಡು ಸಂಗತಿಗಳನ್ನು ವಿಚಾರಿಸಬೇಕು. ಎಥೀರಿಯಂ ಎಂಬ ಅಂಕೀಯ ನಾಣ್ಯವನ್ನು ಗಣಿಸಲು ಹಗಲಿರುಳೂ ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ನಿಂತುಹೋದ ಮೇಲೆ ರಾಶಿರಾಶಿಯಾಗಿ ಪೇಟೆಗೆ ಬಂದವು. ಅವೆಲ್ಲವೂ ಕೆಟ್ಟವೆಂದಲ್ಲ, ಫ್ಯಾನು ಸವೆದಿದೆಯೇ ಎಂದು ನೋಡಿ, ಅಂಗಡಿಯಲ್ಲಿಯೇ ಅರ್ಧ ಗಂಟೆ ಆಟವನ್ನು ನಡೆಸಿ ಕೊಳ್ಳಬೇಕು. ಎರಡನೆಯದಾಗಿ, ಜಿಟಿಎಕ್ಸ್ 1050, 1060 ಮೊದಲಾದ ಹತ್ತರ ಸಾಲಿನ ಕಾರ್ಡುಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರುಗಳನ್ನು ಕೊಡುವುದನ್ನು ಎನ್‌ವಿಡಿಯಾ ಕಂಪೆನಿ 2025ರ ಅಕ್ಟೋಬರಿಗೆ ಮುಗಿಸಿತು. 1650 ಆ ಸಾಲಿಗೆ ಸೇರಿದ್ದಲ್ಲ. ಇಷ್ಟಾದರೂ ಆಸೆಗೊಂದು ಮಿತಿಯಿರಲಿ: 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್’ ಎಂಬ ಆಟವು ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ವಿಶೇಷ ಶಕ್ತಿಯುಳ್ಳ ಕಾರ್ಡನ್ನು ಕಡ್ಡಾಯವಾಗಿ ಬೇಡುತ್ತದೆ, ಮೇಲೆ ಹೇಳಿದ 1650, 580 ಎರಡಕ್ಕೂ ಅದು ನಿಲುಕದು. 2020ರ ‘ವ್ಯಾಲರಂಟ್’ ಮೊದಲಾದವು ಬಡ ಯಂತ್ರವನ್ನೂ ಕರುಣಿಸುತ್ತವೆ.

ಹಣ ಹಾಕಲೇಬಾರದ ಯಂತ್ರವೂ ಉಂಟು. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಐ3, ಐ5, ಐ7 ಎಂಬುದರ ಮುಂದಿನ ಸಂಖ್ಯೆಯೇ ಅದರ ತಲೆಮಾರನ್ನು ಹೇಳುತ್ತದೆ: ಐ5-4570 ಎಂದರೆ ನಾಲ್ಕನೆಯದು, ಐ5-10400 ಎಂದರೆ ಹತ್ತನೆಯದು. ಎವಿಎಕ್ಸ್2 ಎಂಬ ಆಜ್ಞಾಸಮೂಹವು 2013ರ ನಾಲ್ಕನೆಯ ತಲೆಮಾರಿನಿಂದ ಬಂದದ್ದು. ಅದಿಲ್ಲದ ಎರಡನೆಯ, ಮೂರನೆಯ ತಲೆಮಾರಿನ ಯಂತ್ರಗಳಲ್ಲಿ ಕೆಲವು ಹೊಸ ಆಟಗಳು ತೆರೆಯುವುದೇ ಇಲ್ಲ. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿಯೊಂದನ್ನು ಹಾಕಿ ಪಾಠಕ್ಕೂ ಹಳೆಯ ಆಟಗಳಿಗೂ ಇಟ್ಟುಕೊಂಡು, ಉಳಿದ ಹಣವನ್ನು ಕೂಡಿಡುವುದೇ ಜಾಣತನ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11ಕ್ಕೆ ಇಂಟೆಲಿನ ಎಂಟನೆಯ ತಲೆಮಾರಾದರೂ ಬೇಕೆಂಬುದು ಆ ಕಂಪೆನಿಯ ನಿಬಂಧನೆ. ಹಳೆಯ ಯಂತ್ರದಲ್ಲಿ ಲಿನಕ್ಸನ್ನು ಹಾಕಬಹುದು. ವಾಲ್ವ್ ಕಂಪೆನಿ 2018ರಲ್ಲಿ ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಅನೇಕ ಆಟಗಳು ಲಿನಕ್ಸಿನಲ್ಲಿಯೂ ನಡೆಯುತ್ತವೆ. ವ್ಯಾಲರಂಟ್ ಮಾತ್ರ ನಡೆಯುವುದಿಲ್ಲ.

ಬೆಂಗಳೂರಿನ ಎಸ್. ಪಿ. ರೋಡು ಇಂಥ ಸಾಮಾನುಗಳಿಗೆ ಹೆಸರಾದ ಪೇಟೆ. ಸಕಲೇಶಪುರದಿಂದ ಅಲ್ಲಿಗೆ ಸುಮಾರು 220 ಕಿಲೋಮೀಟರು. ಹೊಂದದ ಕಾರ್ಡನ್ನು ತಂದರೆ ಬಸ್ಸಿನ ಚಾರ್ಜೂ ಒಂದು ದಿನವೂ ವ್ಯರ್ಥ. ಆದಕಾರಣ ಹೊರಡುವ ಮುನ್ನ ಪೆಟ್ಟಿಗೆಯೊಳಗೆ ಕಾರ್ಡಿಗೆ ಇರುವ ಉದ್ದವನ್ನೂ ಎತ್ತರವನ್ನೂ ಅಳೆದು ಬರೆದುಕೊಳ್ಳಬೇಕು. ಪವರ್ ಸಪ್ಲೈಯ ಚೀಟಿ, ಅದರ ತಂತಿಗಳು, ಮದರ್‌ಬೋರ್ಡಿನ ಹೆಸರು, ಪರದೆಯ ಹಿಂಬದಿ ಇವುಗಳ ಚಿತ್ರಗಳನ್ನು ಫೋನಿನಲ್ಲಿ ತೆಗೆದುಕೊಳ್ಳಬೇಕು. ಪರದೆಯ ಹಿಂಬದಿ ಏಕೆಂದರೆ ಹಳೆಯ ಪರದೆಗಳು ಎಷ್ಟೋ ಕಡೆ ನೀಲಿ ಮೂತಿಯ ವಿಜಿಎ ತಂತಿಯನ್ನು ಮಾತ್ರ ಬಲ್ಲವು. ಈಚಿನ ಕಾರ್ಡುಗಳಲ್ಲಿ ಆ ರಂಧ್ರವೇ ಇಲ್ಲ. ಮಾರ್ಪಡಿಸುವ ಸಣ್ಣ ಸಾಧನವನ್ನು ಅಲ್ಲಿಯೇ ಕೊಳ್ಳದಿದ್ದರೆ ಮನೆಗೆ ಬಂದ ಕಾರ್ಡು ಮೇಜಿನ ಮೇಲೆ ಕೂತಿರುತ್ತದೆ. ಬಿಲ್ಲನ್ನೂ, ಎಷ್ಟು ದಿನಗಳೊಳಗೆ ಹಿಂದಕ್ಕೆ ಪಡೆಯುವರೆಂಬುದನ್ನೂ ಬರೆಯಿಸಿಕೊಳ್ಳಬೇಕು.

ನಮ್ಮ ಗುಡ್ಡಗಳಲ್ಲಿ ಯಂತ್ರಕ್ಕೆ ಶತ್ರುಗಳು ಬೇರೆ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಆಘಾತವು ವಿದ್ಯುತ್ ತಂತಿಯಿಂದ ಮಾತ್ರವಲ್ಲ, ಅಂತರ್ಜಾಲದ ತಾಮ್ರದ ತಂತಿಯಿಂದಲೂ ಒಳಬರುತ್ತದೆ. ಮೋಡ ಕವಿದೊಡನೆ ಎರಡನ್ನೂ ಕಿತ್ತಿಡಬೇಕು. ಮುಂಗಾರಿನಲ್ಲಿ ಮರ ಬಿದ್ದು ತಂತಿ ಕಡಿಯುವುದೂ, ಬಂದ ವಿದ್ಯುತ್ತು ಕುಗ್ಗುವುದೂ ಹೊಸ ಮಾತಲ್ಲ. ಯುಪಿಎಸ್ ಇಡುವುದು ಆಟವನ್ನು ಮುಂದುವರಿಸಲಿಕ್ಕಲ್ಲ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಲಿಕ್ಕೆ. ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳುವುದಕ್ಕೆ ತಗಲುವ ವೆಚ್ಚವು ಅಲ್ಪ. ತಿಂಗಳುಗಟ್ಟಲೆ ಬಿಸಿಲು ಕಾಣದ ಮನೆಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲೂ ತೇವದ ಗೋಡೆಗೆ ಒತ್ತಿಯೂ ಇಡದೆ, ದಿನಕ್ಕೆ ಸ್ವಲ್ಪ ಹೊತ್ತಾದರೂ ನಡೆಸಬೇಕು. ಅದರ ಬಿಸಿಯೇ ಒಳಗಿನ ತೇವವನ್ನು ಓಡಿಸುತ್ತದೆ.

ಕಡೆಯದಾಗಿ ಆಟವನ್ನು ಮನೆಗೆ ತರುವ ಪ್ರಶ್ನೆ. ದೊಡ್ಡ ಆಟವೊಂದು 100 ಜಿಬಿ ಇರುವುದುಂಟು. ಸೆಕೆಂಡಿಗೆ 10 ಮೆಗಾಬಿಟ್ಟಿನ ಸಂಪರ್ಕದಲ್ಲಿ ಅದು ಇಳಿಯಲು ಎಡೆಬಿಡದೆ 22 ಗಂಟೆಗಳಿಗೂ ಹೆಚ್ಚು ಹಿಡಿಯುತ್ತದೆ. ಆದುದರಿಂದ ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ನೆಂಟರ ಮನೆಯ ಯಂತ್ರದಲ್ಲಿ ಸ್ಟೀಮ್ ಅಂಗಡಿಯ ತನ್ನ ಖಾತೆಯಿಂದಲೇ ಆಟವನ್ನು ಇಳಿಸಿ, ಅದರಲ್ಲಿರುವ ಬ್ಯಾಕಪ್ ಎಂಬ ಆಯ್ಕೆಯಿಂದ ಹೊರಡಿಸ್ಕಿಗೆ ತುಂಬಿಕೊಂಡು ತರಬಹುದು. ಎಸ್‌ಎಸ್‌ಡಿ ಹಾಕಿದಾಗ ಬಿಚ್ಚಿಟ್ಟ ಹಳೆಯ ಹಾರ್ಡ್ ಡಿಸ್ಕನ್ನು, ಸಣ್ಣ ಯುಎಸ್‌ಬಿ ಕವಚವೊಂದರಲ್ಲಿ ಕೂಡಿಸಿದರೆ, ಈ ಕೆಲಸಕ್ಕೆ ಅದೇ ಸಾಕು.