ಸಾಸಿವೆ ಡಬ್ಬ ಎಲ್ಲಿದೆ?

ಕಳೆದ ಗುರುವಾರ ರಾತ್ರಿ ಒಂಬತ್ತೂವರೆಗೆ ನೀವಿಬ್ಬರೂ ಫ್ರಿಜ್ ಬಾಗಿಲು ತೆಗೆದುಕೊಂಡು ನಿಂತಿದ್ದನ್ನು ನಾನು ಹಾಲ್‌ನಿಂದ ನೋಡುತ್ತಿದ್ದೆ. ಒಳಗೆ ಎರಡು ಪ್ಯಾಕೆಟ್ ಮೊಸರು, ಅರ್ಧ ನಿಂಬೆಹಣ್ಣು, ಬಾಡಿದ ಕೊತ್ತಂಬರಿ ಕಟ್ಟು, ಭಾನುವಾರದ ಪಲ್ಯ ಒಂದು ಬಟ್ಟಲು. "ಏನು ಮಾಡೋಣ?" ಅಂತ ಒಬ್ಬರು, "ನೀನೇ ಹೇಳು" ಅಂತ ಇನ್ನೊಬ್ಬರು. ಹೀಗೇ ಐದು ನಿಮಿಷ ಕಳೆಯಿತು. ಆಮೇಲೆ ಫೋನ್ ಕೈಗೆ ಬಂತು, ಮುಕ್ಕಾಲು ಗಂಟೆಗೆ ಊಟದ ಡಬ್ಬ ಬಂತು, ಹತ್ತೂವರೆಗೆ ಉಂಡು ಮಲಗಿದಿರಿ.

ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ, ಮಕ್ಕಳೇ. ಒಂಬತ್ತು ಗಂಟೆ ದುಡಿದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು ಬಂದವರಿಗೆ ಸೌಟು ಹಿಡಿಯುವಷ್ಟು ತ್ರಾಣ ಹೇಗೋ ಉಳಿದಿರುತ್ತದೆ. ಏನು ಮಾಡುವುದು ಅಂತ ಯೋಚಿಸುವ ತ್ರಾಣ ಇರುವುದಿಲ್ಲ. ಅಡುಗೆಯ ಭಾರ ಅಂದರೆ ಅದೇ. ಹೆಚ್ಚುವುದು, ಹುರಿಯುವುದು, ಕುದಿಸುವುದು ಕೈಗೆ ಬಂದುಬಿಡುತ್ತದೆ. ಬೇಳೆ ಇದೆಯಾ, ಹುಣಿಸೆಹಣ್ಣು ನೆನೆಹಾಕಿದೆಯಾ, ನಾಳೆ ಬೆಳಿಗ್ಗೆ ತಿಂಡಿಗೆ ಏನು ಅನ್ನುವ ಲೆಕ್ಕ ಮಾತ್ರ ಮನಸ್ಸಿನಲ್ಲಿ ಸದಾ ಓಡುತ್ತಲೇ ಇರುತ್ತದೆ. ಆ ಲೆಕ್ಕ ಇಬ್ಬರ ತಲೆಯಲ್ಲೂ ಇರಬೇಕು. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಅದನ್ನು ಹಗುರ ಮಾಡುವ ದಾರಿ.

ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಮಧ್ಯಾಹ್ನದ ಡಬ್ಬಿ ಎರಡೂ ಮುಗಿಸಿ ಒಂಬತ್ತೂವರೆಗೆ ಕೌಂಟರಿನಲ್ಲಿರುತ್ತಿದ್ದೆ. ನಿಮ್ಮ ದೊಡ್ಡಪ್ಪ ಒಳ್ಳೆಯವರು. ಮದುವೆಯಾದ ಹೊಸದರಲ್ಲಿ ಈರುಳ್ಳಿ ಹೆಚ್ಚಿಕೊಡುತ್ತೇನೆ ಅಂತ ಬರುತ್ತಿದ್ದರು. ಅವರು ಹೆಚ್ಚಿದ್ದು ದಪ್ಪ ಆಗುತ್ತಿತ್ತು. "ನೀವು ಬಂದರೆ ಕೆಲಸ ಜಾಸ್ತಿ, ಹೋಗಿ ಪೇಪರ್ ಓದಿ" ಅಂತ ನಾನೇ ಕಳಿಸಿದೆ. ಒಂದು ಸಲ ಅಲ್ಲ, ನೂರು ಸಲ. ಆಮೇಲೆ ಅವರು ಬರುವುದನ್ನೇ ಬಿಟ್ಟರು. ಎಲ್ಲ ನಾನೇ ಮಾಡುತ್ತೇನೆ ಅನ್ನುವುದನ್ನು ಹೆಮ್ಮೆ ಅಂದುಕೊಂಡಿದ್ದೆ. ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಆಪರೇಷನ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ಅವರು ಮನೆಯಿಂದ ಫೋನ್ ಮಾಡಿ ಕೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಸಾಸಿವೆ ಡಬ್ಬ ಎಲ್ಲಿದೆ?" ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿ ಬದುಕಿದ ಮನುಷ್ಯನಿಗೆ ತನ್ನ ಮನೆಯ ಸಾಸಿವೆ ಎಲ್ಲಿದೆ ಅಂತ ಗೊತ್ತಾಗದ ಹಾಗೆ ಮಾಡಿಟ್ಟವಳು ನಾನು. ಅವರು ಹನ್ನೊಂದು ದಿನ ಅವಲಕ್ಕಿ ಮೊಸರು ತಿಂದರು. ನಾನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಅತ್ತೆ.

ಅದಕ್ಕೇ ಮಗಳೇ, ಅವನು ಹೆಚ್ಚಿದ ಹುರುಳಿಕಾಯಿ ಉದ್ದವಾದರೆ ಉದ್ದವೇ ಇರಲಿ, ಬೇಯುತ್ತದೆ. ಅಳಿಯಂದಿರೇ, ನೀವೂ "ಏನಾದರೂ ಸಹಾಯ ಮಾಡಲಾ?" ಅಂತ ಕೇಳಬೇಡಿ. ಸಹಾಯ ಅನ್ನುವುದು ಪಕ್ಕದ ಮನೆಯವರು ಮಾಡುವಂಥದ್ದು. ಸರ್ಕಾರದ ಅಂಕಿಅಂಶದವರು 2019ರಲ್ಲಿ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿದರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289, ಗಂಡಸರದು 88. ಐದು ವರ್ಷ ಕಳೆದರೂ ಗಂಡಸರ ನಿಮಿಷ ಏರಲಿಲ್ಲ, ಇನ್ನೂ ಒಂಬತ್ತು ಇಳಿಯಿತು. ಈ ಲೆಕ್ಕ ಬದಲಾಗುವುದು ನಿಮ್ಮಂಥವರ ಮನೆಯಲ್ಲೇ.

ಈಗ ಫ್ರಿಜ್ ಮುಂದೆ ನಿಲ್ಲದ ಹಾಗೆ ಏನು ಮಾಡುವುದು, ಅದಕ್ಕೆ ಬರುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವರ್ಷ ಗದಗಿನಲ್ಲಿದ್ದೆ. ಮನೆ ಮಾಲೀಕರಾಗಿದ್ದ ತಾಯಿ ಹೊಲಕ್ಕೆ ಹೋಗಿ ದುಡಿಯುತ್ತಿದ್ದವರು. ಎಷ್ಟು ಹೊತ್ತಿಗೆ ಯಾರು ಬಂದರೂ ಅವರ ಮನೆಯಲ್ಲಿ ಊಟ ಇರುತ್ತಿತ್ತು. ಒಂದು ಬುಟ್ಟಿ ತುಂಬ ಕಟಕ್ ಜೋಳದ ರೊಟ್ಟಿ, ಸಾಲಾಗಿ ಡಬ್ಬಗಳಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಗಟ್ಟಿ ಮೊಸರು, ಹಸಿ ಈರುಳ್ಳಿ, ಒಂದು ಹಿಡಿ ಮೆಂತ್ಯ ಸೊಪ್ಪು. ಒಲೆ ಹಚ್ಚದೆ ಹೊಟ್ಟೆ ತುಂಬುತ್ತಿತ್ತು. ನಮ್ಮ ಮೈಸೂರು ಕಡೆ ಬಿಸಿಬಿಸಿ ಮಾಡಿ ಹಾಕಿದರೇ ಊಟ, ಉಳಿದದ್ದೆಲ್ಲ ತಂಗಳು ಅಂತ ಬೆಳೆಸಿದ್ದರು. ಅದು ತಪ್ಪು ಅಂತ ನನಗೆ ಮನದಟ್ಟಾದದ್ದು ಆ ತಾಯಿಯ ಅಡುಗೆಮನೆಯಲ್ಲಿ. ಹೊಲದಲ್ಲಿ ದುಡಿಯುವವರು ಡಬ್ಬ ನೆಚ್ಚಿ ಬದುಕಿದರು. ಆಫೀಸಿನಲ್ಲಿ ದುಡಿಯುವ ನೀವೂ ಹಾಗೇ ಬದುಕಬಹುದು.

ಮೊದಲ ಡಬ್ಬ ಸಾರಿನ ಪುಡಿ. ಅಂಗಡಿಯದು ಕೆಟ್ಟದ್ದಲ್ಲ, ಆದರೆ ಒಂದು ಭಾನುವಾರ ನೀವಿಬ್ಬರೂ ಸೇರಿ ಮಾಡಿ ನೋಡಿ. ಧನಿಯ 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 125, ಗುಂಟೂರು ಮೆಣಸಿನಕಾಯಿ 50, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 15, ಒಂದು ಚಮಚ ಸಾಸಿವೆ, ಎರಡು ಹಿಡಿ ಕರಿಬೇವು, ಇಂಗು, ಅರಿಶಿನ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಒಂದೊಂದನ್ನೂ ಬೇರೆಬೇರೆ, ಸಣ್ಣ ಉರಿಯಲ್ಲಿ ಹುರಿಯಬೇಕು, ಒಂದೊಂದು ಹದಕ್ಕೆ ಬರುವ ಹೊತ್ತು ಬೇರೆ. ಧನಿಯ ಘಮ್ ಅಂದು ಬಣ್ಣ ತಿರುಗುವಾಗ ಇಳಿಸಿ. ಮೆಂತ್ಯವನ್ನು ಕಣ್ಣಿಟ್ಟು ನೋಡಿ, ಕೆಂಪಗಾದ ಮೇಲೆ ಅರ್ಧ ನಿಮಿಷ ಬಿಟ್ಟರೂ ಇಡೀ ಪುಡಿ ಕಹಿ. ಮೆಣಸಿನಕಾಯಿಗೆ ಒಂದು ಚಮಚ ಎಣ್ಣೆ ಹಾಕಿ ಹುರಿದರೆ ಘಾಟು ಕಡಿಮೆ. ಕೈಯಲ್ಲಿ ಹಿಡಿದರೆ ಪಟ್ಟನೆ ಮುರಿಯಬೇಕು. ಕರಿಬೇವು ಒಣಗಿ ಗರಗರ ಅನ್ನಬೇಕು. ಎಲ್ಲ ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಬೆವರಿ ಗಂಟಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿಟ್ಟು, ಒಣ ಚಮಚ ಮಾತ್ರ ಹಾಕಿದರೆ ಮೂರು ತಿಂಗಳು ನಿಶ್ಚಿಂತೆ.

ಪುಡಿ ಇದ್ದ ಮೇಲೆ ಬುಧವಾರ ರಾತ್ರಿಯ ಸಾರಿಗೆ ಎಷ್ಟು ಹೊತ್ತು? ತೊಗರಿಬೇಳೆಯನ್ನು ಮಂಗಳವಾರವೇ ಎರಡು ದಿನಕ್ಕಾಗುವಷ್ಟು ಬೇಯಿಸಿ ಫ್ರಿಜ್‌ನಲ್ಲಿಟ್ಟಿರುತ್ತೀರಿ. ಒಬ್ಬರು ಕುಕ್ಕರಿನಲ್ಲಿ ಅನ್ನಕ್ಕಿಡುವಾಗ ಇನ್ನೊಬ್ಬರು ಎರಡು ಟೊಮೇಟೊ, ಹುಣಿಸೆ ರಸ, ಎರಡು ಚಮಚ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸುವುದು. ಬೇಳೆ ಕದಡಿ ಹಾಕಿ, ನೊರೆ ಎದ್ದ ತಕ್ಷಣ ಒಲೆ ಆರಿಸಿ. ತುಪ್ಪದಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ. ಕುಕ್ಕರಿನ ಆವಿ ಇಳಿಯುವ ಹೊತ್ತಿಗೆ ಸಾರು ತಯಾರು.

ಎರಡನೆಯದು ಪುಳಿಯೋಗರೆ ಗೊಜ್ಜು. ಎಣ್ಣೆ ಮೇಲೆ ತೇಲುವವರೆಗೆ ಕುದಿಸಿಟ್ಟರೆ ತಿಂಗಳು ಬರುತ್ತದೆ. ಅನ್ನ ಮಾಡಿದರೆ ಊಟ ಆಯಿತು; ಗಟ್ಟಿ ಅವಲಕ್ಕಿಯನ್ನು ಸಣ್ಣ ರವೆಯ ಹಾಗೆ ಪುಡಿ ಮಾಡಿ ನೀರು ಚಿಮುಕಿಸಿ ಕಲೆಸಿದರೆ ಗೊಜ್ಜವಲಕ್ಕಿಯೂ ಆಯಿತು. ಸಂಜೆ ಏಳಕ್ಕೆ ಮನೆಗೆ ಬಂದಾಗ ಆಗುತ್ತದಲ್ಲ ಒಂದು ಹಸಿವು, ಕೈಗೆ ಸಿಕ್ಕಿದ ಬಿಸ್ಕತ್ತು ಚಿಪ್ಸು ತಿನ್ನಿಸುವ ಹಸಿವು, ಅದಕ್ಕೆ ಇದಕ್ಕಿಂತ ಒಳ್ಳೆಯ ತಿಂಡಿ ನಾನು ಕಂಡಿಲ್ಲ.

ದೋಸೆ ಹಿಟ್ಟು ಶನಿವಾರದ ಕೆಲಸ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ರುಬ್ಬುವಾಗ ಒಂದು ಹಿಡಿ ನೆನೆದ ಅವಲಕ್ಕಿ. ಬೆಳಿಗ್ಗೆ ಎದ್ದವರು ನೆನೆಹಾಕಲಿ, ಸಂಜೆ ಬಿಡುವಿರುವವರು ರುಬ್ಬಲಿ. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ಚಳಿಗೆ ರಾತ್ರಿ ಒಂದರಲ್ಲಿ ಹುಳಿ ಬರುವುದಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ ಪಾತ್ರೆಗೆ ಟವೆಲ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಿ. ಮೊದಲ ಎರಡು ದಿನ ದೋಸೆ. ಮೂರನೇ ದಿನಕ್ಕೆ ಹಿಟ್ಟು ಹುಳಿ ಹೆಚ್ಚಾದಾಗ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ ಪಡ್ಡು ಮಾಡಿ, ಹುಳಿಯೇ ಅದಕ್ಕೆ ರುಚಿ. ಹಿಟ್ಟು ರುಬ್ಬಲಾಗದ ವಾರ ಬಂದೇ ಬರುತ್ತದೆ. ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ನಿಮಗೆ ಅಭಾವ ಇರುವುದು ಸಮಯಕ್ಕೆ. ಒಗ್ಗರಣೆ ಹಾಕಿ ಹುರಿದ ರವೆ ಒಂದು ಡಬ್ಬ ಇಟ್ಟುಕೊಳ್ಳಿ. ಬೆಳಿಗ್ಗೆ ಮೊಸರಿನಲ್ಲಿ ಕಲೆಸಿ, ನೀವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ನೆನೆದಿರುತ್ತದೆ, ಚಿಟಿಕೆ ಸೋಡಾ ಹಾಕಿ ಹನ್ನೆರಡು ನಿಮಿಷ ಹಬೆಯಲ್ಲಿಡಿ.

ಒಂದು ಎಚ್ಚರ. ರಾತ್ರಿ ಉಳಿದ ಅನ್ನವನ್ನು ಬೆಳಗಿನ ಚಿತ್ರಾನ್ನಕ್ಕೆ ಅಂತ ಒಲೆಯ ಪಕ್ಕ ಹಾಗೇ ಬಿಡಬೇಡಿ, ಆರಿದ ಕೂಡಲೇ ಫ್ರಿಜ್‌ಗೆ ಇಡಿ. ಸೆಕೆಯಲ್ಲಿ ಗಂಟೆಗಟ್ಟಲೆ ಹೊರಗಿದ್ದ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಇನ್ನು ಚಕ್ಕುಲಿ. ಇಷ್ಟು ಬಿಡುವಿಲ್ಲದವರಿಗೆ ಚಕ್ಕುಲಿ ಯಾಕೆ ಅಂತ ಕೇಳಬಹುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನಹಿಟ್ಟು, ಎಳ್ಳು, ಜೀರಿಗೆ, ಉಪ್ಪು, ಇಂಗು, ಕಾಯಿಸಿದ ಬೆಣ್ಣೆ ಮೂರು ಚಮಚ. ಹಿಟ್ಟು ಒಣಗಿದರೆ ಒತ್ತುವಾಗ ತುಂಡಾಗುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮುಚ್ಚಿಡಬೇಕು. ಬೆಣ್ಣೆ ಹೆಚ್ಚಾದರೆ ಎಣ್ಣೆಯಲ್ಲಿ ಒಡೆದು ಚೂರಾಗುತ್ತದೆ. ಒಬ್ಬರು ಒರಳು ಹಿಡಿದು ಹಾಳೆಯ ಮೇಲೆ ಸುತ್ತು ಒತ್ತುವುದು, ಇನ್ನೊಬ್ಬರು ಬಾಣಲೆಯ ಮುಂದೆ. ಹಾಕಿದ ಕೂಡಲೇ ಎಣ್ಣೆ ಬುಸುಬುಸು ಅಂತ ನೊರೆ ಏಳುತ್ತದೆ, ಅದು ಹಿಟ್ಟಿನ ನೀರು ಹೊರಬರುವ ಸದ್ದು. ಸದ್ದು ನಿಧಾನಕ್ಕೆ ತಗ್ಗಿ ನೊರೆ ಅಡಗಿದಾಗ ತೆಗೆಯಿರಿ. ಅದಕ್ಕೂ ಮೊದಲು ತೆಗೆದರೆ ಬಣ್ಣ ಬಂದಿದ್ದರೂ ಒಳಗೆ ಮೆತ್ತಗೆ. ಈ ಸದ್ದು ಕೇಳುವುದನ್ನು ನನಗೆ ಕಲಿಸಿದ್ದು ನನ್ನ ಅತ್ತೆ, ಒಲೆಯ ಮುಂದೆ ನಿಲ್ಲಿಸಿ, "ಕಣ್ಣು ಮುಚ್ಚಿ ಕೇಳು" ಅಂತ. ನೀವೂ ಕೇಳಿ, ಇಬ್ಬರೂ. ಆ ಎರಡು ಗಂಟೆ ಫೋನ್ ಹಿಡಿಯಲು ಯಾರ ಕೈಯೂ ಬಿಡುವಾಗಿರುವುದಿಲ್ಲ, ಎಷ್ಟೋ ದಿನದಿಂದ ಆಡದೆ ಉಳಿದ ಮಾತು ಬರುತ್ತದೆ.

ಇಷ್ಟೆಲ್ಲ ಇದ್ದೂ ಕೆಲವು ದಿನ ಆಗುವುದಿಲ್ಲ. ಜ್ವರ ಇರುತ್ತದೆ, ಕೆಲಸದ ಗಡುವು ಇರುತ್ತದೆ, ಸುಮ್ಮನೆ ಮನಸ್ಸೇ ಇರುವುದಿಲ್ಲ. ಆ ದಿನ ಹೋಟೆಲಿನಿಂದ ತರಿಸಿ ಸಂತೋಷವಾಗಿ ಉಣ್ಣಿ, ಅದಕ್ಕೆ ಯಾರಿಗೂ, ನನಗೂ, ಜವಾಬು ಹೇಳಬೇಕಾಗಿಲ್ಲ. ಹೋದ ಗುರುವಾರ ತರಿಸಿದ್ದಕ್ಕೆ ನನಗೆ ಬೇಸರವಾಗಲಿಲ್ಲ. "ನೀನೇ ಹೇಳು" ಅಂದಾಗ ಮಗಳ ಮುಖದಲ್ಲಿ ಬಂದ ಆಯಾಸ ಕಂಡು ಬೇಸರವಾಯಿತು. ಆ ಮುಖ ನನಗೆ ಗೊತ್ತಿತ್ತು.

ಭಾನುವಾರ ಸಂಜೆ ಹತ್ತು ನಿಮಿಷ ಇಬ್ಬರೂ ಕೂತು ಒಂದು ಚೀಟಿಯಲ್ಲಿ ವಾರದ ಅಡುಗೆ ಬರೆಯಿರಿ. ಒಂದು ವಾರ ಇವಳ ಕೈಬರಹ, ಇನ್ನೊಂದು ವಾರ ಅವನದು. ಯಾರು ಬರೆಯುತ್ತಾರೋ ಆ ವಾರದ ಬೇಳೆ, ಎಣ್ಣೆ, ತರಕಾರಿ ಮುಗಿದಿದ್ದನ್ನು ನೋಡಿ ತರುವುದೂ ಅವರದೇ. ಡಬ್ಬಗಳ ಮೇಲೆ ಹೆಸರು ಅಂಟಿಸಬೇಡಿ, ಕೈಗೆ ಗೊತ್ತಾಗಲಿ.

ಈ ಸಲ ನಾನೇ ಮಾಡಿದ ಸಾರಿನ ಪುಡಿ ಅರ್ಧ ಕೆ.ಜಿ. ಕಳಿಸುತ್ತಿದ್ದೇನೆ, ಜೊತೆಗೆ ನನ್ನ ಅತ್ತೆಯ ಹಿತ್ತಾಳೆ ಚಕ್ಕುಲಿ ಒರಳು. ಅದರ ತಿರುಪು ಸ್ವಲ್ಪ ಬಿಗಿ, ಒಳಗೆ ಎಣ್ಣೆ ಸವರಿ. ದೀಪಾವಳಿಗೆ ನಾನೂ ನಿಮ್ಮ ದೊಡ್ಡಪ್ಪನೂ ಬರುತ್ತೇವೆ. ಅವರಿಗೆ ಈಗ ನಾಲ್ಕು ಬಗೆಯ ಗೊಜ್ಜು ಬರುತ್ತದೆ. ಈರುಳ್ಳಿ ಇನ್ನೂ ದಪ್ಪವೇ ಹೆಚ್ಚುತ್ತಾರೆ, ನಮ್ಮ ಮನೆಯ ಹುಳಿಯಲ್ಲಿ ಈಗ ಹಾಗೆ ದಪ್ಪ ಇದ್ದರೇ ನನಗೆ ಸೇರುವುದು.